ಮೊದಲು ಶಟರ್ ಸ್ಪೀಡ್ ನೋಡು, ಪುಟ್ಟಿ

ಪುಟ್ಟಿ, ಬೇಲೂರಿನಲ್ಲಿ ನೀನು ತೆಗೆದ ಫೋಟೋಗಳನ್ನೆಲ್ಲ ನಿಧಾನವಾಗಿ ನೋಡಿದೆ. ಹೊರಗೋಡೆಯ ಆನೆಸಾಲು, ಬಾಗಿಲ ಬಳಿಯ ಸಳನ ಶಿಲ್ಪ ಬಲು ಚೆನ್ನಾಗಿ ಬಂದಿವೆ. ನವರಂಗದ ಒಳಗಿನವು ಮಾತ್ರ ಮಸುಕು. ಲೆನ್ಸ್ ಸರಿಯಿಲ್ಲ, ಹೊಸದು ಬೇಕು ಅಂತ ನಿಮ್ಮಪ್ಪನ ಹತ್ತಿರ ಹೇಳಿದೆಯಂತೆ. ದುಡ್ಡು ಸುರಿಯುವ ಮುಂಚೆ ಮಾವನ ಮಾತು ಸ್ವಲ್ಪ ಕೇಳು.

ಮಸುಕಾದ ಫೋಟೋವನ್ನು ದೊಡ್ಡದು ಮಾಡಿ ನೋಡು. ಮುಂದಿನ ಕಂಬ ಮಸುಕಾಗಿ ಹಿಂದಿನದು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಕಂಬಗಳೆಲ್ಲ ಸ್ಪಷ್ಟವಾಗಿದ್ದು ದರ್ಶನಕ್ಕೆ ಹೊರಟವರು ಮಾತ್ರ ಕದಡಿದ್ದರೆ ಅದು ಅವರ ನಡಿಗೆ. ಇಡೀ ಚಿತ್ರವೇ ಒಂದು ದಿಕ್ಕಿಗೆ ಎಳೆದಂತಿದ್ದು, ದೀಪದ ಚುಕ್ಕೆಗಳು ಪುಟ್ಟ ಗೆರೆಗಳಾಗಿದ್ದರೆ ಅಲುಗಿದ್ದು ಕ್ಯಾಮೆರಾ. ನಿನ್ನವು ಬಹುಪಾಲು ಈ ಕೊನೆಯ ಜಾತಿಯವು. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಕೈಯ ಅಲುಗಾಟ ಕೈಯಲ್ಲೇ ಇರುತ್ತದೆ.

ಆ ನವರಂಗ ಮಂಟಪ ಮೊದಲು ತೆರೆದೇ ಇತ್ತು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು ಕೂಡಿಸಿದ್ದರಿಂದ ಒಳಗೆ ಬೆಳಕು ಸೋಸಿ ಬರುತ್ತದೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಅಲ್ಲಿ 1/10 ಸೆಕೆಂಡಿಗೂ ಇಳಿದುಬಿಡುತ್ತದೆ. ಆದ್ದರಿಂದ ಗುಂಡಿ ಒತ್ತುವ ಮುಂಚೆ ಶಟರ್ ಸ್ಪೀಡ್ ಓದುವುದನ್ನು ರೂಢಿ ಮಾಡಿಕೋ. ಲೆನ್ಸ್ ಎಷ್ಟು ಮಿಲಿಮೀಟರಿನಲ್ಲಿದೆಯೋ ಅದನ್ನು ಒಂದೂವರೆಯಿಂದ ಗುಣಿಸು, ನಿನ್ನ ಕ್ಯಾಮೆರಾದ ಸೆನ್ಸರ್ ಚಿಕ್ಕದಲ್ಲವೇ. 18ಕ್ಕೆ 27 ಬಂತು, ಅಂದರೆ 1/27ಕ್ಕೆ ಹತ್ತಿರದ 1/30 ಸೆಕೆಂಡಿಗಿಂತ ಕೆಳಗಿಳಿಯಬೇಡ. 55ಕ್ಕೆ 1/100 ಇಟ್ಟುಕೋ.

ಒಳಗೆ ಹೋಗುತ್ತಲೇ ಜೂಮ್ ಎಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡು. ನಿನ್ನ ಲೆನ್ಸಿನ ಅಪರ್ಚರ್ 18ರಲ್ಲಿ ಎಫ್ 3.5 ತೆರೆದರೆ 55ರಲ್ಲಿ 5.6 ಮಾತ್ರ. ಬೆಳಕು ಎರಡೂವರೆ ಪಟ್ಟು ಕಡಿಮೆ ಬರುತ್ತದೆ, ವೇಗ ಮಾತ್ರ ಮೂರು ಪಟ್ಟು ಬೇಕಾಗುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ಆಗುವ ಕೆಲಸಕ್ಕೆ ಇಷ್ಟು ನಷ್ಟ ಯಾಕೆ? ಕಂಬದ ತುದಿಯ ಮದನಿಕೆಗೆ ಜೂಮ್ ಬೇಕೇ ಬೇಕು, ಒಪ್ಪಿದೆ. ಆಗ ಐಎಸ್‌ಒ 3200ಕ್ಕೆ ಏರಿಸು, 6400 ಆದರೂ ಹೆದರಬೇಡ. ಚಿತ್ರ ಕಾಳುಕಾಳಾಗುತ್ತದೆ ನಿಜ. ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಹಳಷ್ಟು ತಗ್ಗಿಸಬಹುದು. ಅಲುಗಿ ಕಳೆದುಹೋದ ಉಳಿಯ ಗೆರೆಯನ್ನು ಹಾಗೆ ಮರಳಿ ತರುವುದು ಕಷ್ಟ.

ಲೆನ್ಸಿನಲ್ಲಿ ಅಲುಗಾಟ ತಡೆಯುವ ವಿಆರ್ ಇದೆ, ಹಾಕಿಟ್ಟಿರು. ಅದು ನಿನ್ನ ಕೈನಡುಕವನ್ನಷ್ಟೇ ತಗ್ಗಿಸುತ್ತದೆ, ನಡೆಯುತ್ತಿರುವ ಅಜ್ಜಿಯನ್ನು ನಿಲ್ಲಿಸಲಾರದು.

ಇನ್ನು ಹಿಡಿಯುವ ರೀತಿ. ಪರದೆ ನೋಡುತ್ತ ಕೈ ಮುಂದೆ ಚಾಚಿ ತೆಗೆಯಬೇಡ. ಎಡಗೈ ಲೆನ್ಸಿನ ಅಡಿಗೆ ಬಂದು ಭಾರ ಹೊರಲಿ, ಮೊಣಕೈಗಳು ಪಕ್ಕೆಗೆ ತಾಗಿರಲಿ, ವ್ಯೂಫೈಂಡರ್ ಹುಬ್ಬಿಗೆ ಒತ್ತಿರಲಿ. ಒಂದು ಕಾಲು ಸ್ವಲ್ಪ ಮುಂದೆ. ಉಸಿರು ಅರ್ಧ ಬಿಟ್ಟು, ಸೀತಾಫಲ ಹಣ್ಣಾಗಿದೆಯೇ ಅಂತ ಒತ್ತಿ ನೋಡುತ್ತೇವಲ್ಲ, ಅಷ್ಟೇ ಮೆತ್ತಗೆ ಗುಂಡಿ ಒತ್ತು. ಒಂದರ ಹಿಂದೊಂದು ಮೂರು ನಾಲ್ಕು ತೆಗೆ. ಬೆರಳಿನ ಏಟು ಮೊದಲನೆಯದಕ್ಕೇ ಹೆಚ್ಚು ತಾಗುವುದರಿಂದ ನಡುವಿನದು ಎಷ್ಟೋ ಸಲ ಚೆನ್ನಾಗಿರುತ್ತದೆ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚೆಯೇ ಅನುಮತಿ ಪಡೆಯಬೇಕು. ಆಸರೆ ಬೇಕೆನಿಸಿದರೆ ಕೂತು, ಮೊಣಕಾಲಿನ ಮೇಲೆ ಮೊಣಕೈ ಊರು. ಕೆತ್ತನೆಯ ಕಂಬಕ್ಕೆ ಬೆನ್ನಾಗಲಿ ಕ್ಯಾಮೆರಾ ಆಗಲಿ ಒರಗಿಸಬೇಡ, ಚಿತ್ರ ಕೆಟ್ಟರೂ ಪರವಾಗಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ನವರಂಗದ ಛಾವಣಿಯ ಭುವನೇಶ್ವರಿಯ ಫೋಟೋಗೆ ಕೈಯೇ ಬೇಡ. ಜನರ ಓಡಾಟ ಇಲ್ಲದಾಗ ಕ್ಯಾಮೆರಾವನ್ನು ಕರವಸ್ತ್ರದ ಮೇಲೆ ಅಂಗಾತ ಮಲಗಿಸಿ, ವಿಆರ್ ಆರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆದುಬಿಡು. ಐಎಸ್‌ಒ 100ರಲ್ಲೇ ಇಟ್ಟು ಅರ್ಧ ಸೆಕೆಂಡು ಕೊಟ್ಟರೂ ಛಾವಣಿಯ ಒಂದೊಂದು ಗೆರೆಯೂ ಸಿಗುತ್ತದೆ.

ಸೋಮನಾಥಪುರಕ್ಕೆ ಹೋಗುವ ಮುಂಚೆ ಮನೆಯ ಗೋಡೆಗೆ ಒಂದು ದಿನಪತ್ರಿಕೆ ಅಂಟಿಸು. 1/125, 1/60, 1/30, 1/15ರಲ್ಲಿ ಹತ್ತತ್ತು ತೆಗೆದು, ಯಾವುದರವರೆಗೆ ಸಣ್ಣ ಅಕ್ಷರ ಓದಲು ಬರುತ್ತದೆ ಅಂತ ಬರೆದಿಟ್ಟುಕೋ. ಮಾವನ ಲೆಕ್ಕಕ್ಕಿಂತ ನಿನ್ನ ಕೈಗೆ ಹೊಂದುವ ಲೆಕ್ಕ ಅದೇ. ಅದು ಎಷ್ಟು ಬಂತು ಅಂತ ನನಗೂ ಹೇಳು.