ಗಂಡು ಹುಡುಗನ ಹೊಟ್ಟೆನೋವು

ಹಾಸ್ಟೆಲಿಗೆ ಹೊಸದಾಗಿ ಬಂದು ಟ್ರಂಕಿಗೆ ಬೀಗ ಹಾಕಿಕೊಂಡಿರುವ ಎಂಟನೇ ತರಗತಿಯ ಹುಡುಗರಿಗೂ, ಎಸ್ಸೆಸ್ಸೆಲ್ಸಿ ಎಂದು ಕಂಡಕಂಡವರಿಂದೆಲ್ಲ ಹೆದರಿಸಿಕೊಳ್ಳುತ್ತಿರುವ ಅವರ ಅಣ್ಣಂದಿರಿಗೂ ನಾಲ್ಕು ಮಾತು ಹೇಳಬೇಕಾಗಿದೆ. ಬಾಲಕರ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ನೋಡಿಕೊಂಡು ನಿವೃತ್ತನಾದವನು ನಾನು. ಓದಿನ ವಿಷಯ ಹೇಳಲು ನಿಮ್ಮ ಮೇಷ್ಟರುಗಳಿದ್ದಾರೆ. ನಾನು ಹೇಳುವುದು ಅದಕ್ಕಿಂತ ಮೊದಲು ಬರುವ ಸಂಗತಿ. ಮನಸ್ಸಿಗೆ ಕಷ್ಟವಾದಾಗ ಬಾಯಿಬಿಟ್ಟು ಹೇಳಿಕೊಳ್ಳುವುದನ್ನು ಕಲಿಯಿರಿ. ಗಣಿತಕ್ಕಿಂತ ಕಷ್ಟದ ಪಾಠ ಇದು.

ಯಾಕೆ ಕಷ್ಟವೆಂದರೆ, ನಿಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿರುವುದೇ ಉಲ್ಟಾ. ಬಿದ್ದು ಮೊಣಕಾಲು ತರಚಿಕೊಂಡರೆ ‘ಗಂಡುಮಕ್ಕಳು ಅಳ್ತಾರೇನೋ’ ಅನ್ನುತ್ತಾರೆ. ಹೆದರಿಕೆ ಆಗುತ್ತೆ ಅಂದರೆ ಮನೆಮಂದಿಯೆಲ್ಲ ನಗುತ್ತಾರೆ. ಹೀಗೆ ಬೆಳೆದ ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ, ಆದರೆ ಮೈ ಸುಮ್ಮನಿರುವುದಿಲ್ಲ. ಭಾನುವಾರ ಅಪ್ಪ ಅವ್ವ ಬಂದು, ಚಕ್ಕುಲಿ ಡಬ್ಬ ಕೈಗಿತ್ತು, ಸಂಜೆ ಬಸ್ಸಿಗೆ ಹೊರಡುತ್ತಾರೆ. ಸೋಮವಾರ ಬೆಳಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ನನ್ನ ಬಾಗಿಲಲ್ಲಿ ಇಬ್ಬರೋ ಮೂವರೋ ನಿಂತಿರುತ್ತಿದ್ದರು. ‘ಸಾರ್, ಹೊಟ್ಟೆನೋವು.’ ಅದು ನಾಟಕವಲ್ಲ. ದಿಗಿಲು, ಮನೆಯ ನೆನಪು, ಸಂಕಟ ಇವೆಲ್ಲ ಹೊಟ್ಟೆನೋವಾಗಿ, ತಲೆನೋವಾಗಿ ನಿಜವಾಗಿಯೇ ಕಾಡುತ್ತವೆ. ಮಕ್ಕಳ ಡಾಕ್ಟರುಗಳಿಗೆ ಇದು ದಿನನಿತ್ಯದ ಅನುಭವ. ಡಾಕ್ಟರು ಪರೀಕ್ಷೆ ಮಾಡಿ ‘ಏನೂ ಇಲ್ಲ’ ಅಂದ ಮೇಲೂ ನೋವು ಮರಳಿ ಮರಳಿ ಬರುತ್ತಿದ್ದರೆ, ನಿನ್ನನ್ನು ನೀನೇ ಕೇಳಿಕೋ: ‘ನಾನು ಯಾರಿಗೂ ಹೇಳದೆ ಇಟ್ಟುಕೊಂಡಿರುವುದು ಏನು?’

ಯಾರಿಗೆ ಹೇಳುವುದು ಎನ್ನುವುದು ಮುಂದಿನ ಪ್ರಶ್ನೆ. ವಾರ್ಡನ್‌ಗೇ ಹೇಳಬೇಕೆಂದೇನೂ ಇಲ್ಲ. ನಮ್ಮ ಹಾಸ್ಟೆಲಿನಲ್ಲಿ ಹುಡುಗರ ಸಂಕಟ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಅಡುಗೆಯಮ್ಮನಿಗೆ. ‘ಸಾ, ಆ ಕೊನೇ ಸಾಲಿನ ಹುಡ್ಗ ಅರ್ಧ ಮುದ್ದೆಗೇ ಎದ್ದೋಯ್ತಾ ಅವ್ನೆ, ಒಸಿ ನೋಡಿ’ ಅನ್ನುತ್ತಿದ್ದರು. ನೋಡಿದರೆ ಏನೋ ಒಂದು ಇದ್ದೇ ಇರುತ್ತಿತ್ತು: ಮನೆಯಲ್ಲಿ ಸಾಲದ ಜಗಳ, ಅವ್ವನಿಗೆ ಆಪರೇಷನ್ನು, ರೂಮಿನಲ್ಲಿ ಯಾರದೋ ಕಾಟ. ನಿನ್ನ ಸುತ್ತಲೂ ಇಂಥವರು ಇದ್ದಾರೆ. ಡ್ರಿಲ್ ಮೇಷ್ಟರು, ಲೈಬ್ರರಿಯವರು, ಊರಿನ ಸೋದರಮಾವ, ಮನೆಯಲ್ಲಿ ಅಕ್ಕ. ಅವರಲ್ಲಿ ನಂಬಿಕೆಯವರು ಇಬ್ಬರು ಮೂವರನ್ನು ಆರಿಸಿಕೋ. ಒಬ್ಬರು ಸಾಲದು, ಯಾಕೆಂದರೆ ಮೊದಲು ಹೇಳಿದವರು ‘ಇಷ್ಟೇನಾ, ಹೋಗೋ’ ಎಂದುಬಿಡಬಹುದು. ಅಂದರೆ ಸುಮ್ಮನಾಗಬೇಡ, ಎರಡನೆಯವರಲ್ಲಿಗೆ ಹೋಗು.

ಎದುರಿಗೆ ನಿಂತು ಹೇಳಲು ನಾಲಿಗೆ ಏಳದಿದ್ದರೆ ಫೋನ್ ಮಾಡು. 1098 ಮಕ್ಕಳ ಸಹಾಯವಾಣಿ. 14416 ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದೆ ನಿಂತಿದೆ. ಎರಡಕ್ಕೂ ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರುಗಳನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೋ. ಇವತ್ತು ನಿನಗೆ ಬೇಡವಾದರೂ ಪಕ್ಕದ ಮಂಚದವನಿಗೆ ಬೇಕಾಗಬಹುದು.

‘ಹೇಳಿದರೆ ಚಾಡಿಕೋರ ಅಂತಾರೆ’ ಎನ್ನುವ ಭಯ ಹುಡುಗರ ಶಾಲೆಯಲ್ಲಿ ದೊಡ್ಡದು. ಈ ಹೆಸರನ್ನು ಹುಟ್ಟುಹಾಕಿದವರು ಯಾರು ಎಂದು ಯೋಚಿಸಿ ನೋಡು. ಹೊಡೆಸಿಕೊಂಡವನಂತೂ ಅಲ್ಲ, ಹೊಡೆದವನು. ಕಾಟ ಕೊಡುವವನಿಗೆ ಇನ್ನೊಬ್ಬರ ಮೌನವೇ ಬಂಡವಾಳ. ಬಣ್ಣ ಹಿಡಿದು, ಜಾತಿ ಹಿಡಿದು, ತೊದಲುಮಾತು ಹಿಡಿದು ಅಡ್ಡಹೆಸರು ಇಡುವುದು, ಸೀನಿಯರ್ ಬಟ್ಟೆ ಒಗೆಸುವುದು, ಹಾಸಿಗೆಗೆ ನೀರು ಸುರಿಯುವುದು, ಒಬ್ಬನ ಜೊತೆ ಯಾರೂ ಮಾತಾಡಬಾರದೆಂದು ಕಟ್ಟು ಮಾಡುವುದು, ಇವೆಲ್ಲ ‘ತಮಾಷೆ’ಯ ಹೆಸರಿನಲ್ಲೇ ನಡೆಯುತ್ತವೆ. ಇಬ್ಬರೂ ನಗುತ್ತಿದ್ದರೆ ತಮಾಷೆ. ಒಬ್ಬನೇ ನಗುತ್ತಿದ್ದರೆ ಅಲ್ಲ. ಅಷ್ಟು ಲೆಕ್ಕ ಸಾಕು.

ಇನ್ನು ಕೆಲವು ಸಂಗತಿಗಳು ಕಾಟಕ್ಕಿಂತ ದೊಡ್ಡವು. ದೊಡ್ಡವನೊಬ್ಬ, ಅವನು ಸೀನಿಯರ್ ಆಗಲಿ, ಮೇಷ್ಟರಾಗಲಿ, ನೆಂಟನಾಗಲಿ, ಮೈ ಮೇಲೆ ಕೈಹಾಕಿದರೆ ಅದು ಹುಡುಗಿಯರಿಗೆ ಮಾತ್ರ ಆಗುವ ಅನ್ಯಾಯವಲ್ಲ. 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಹುಡುಗರನ್ನೂ ಕಾಯುತ್ತದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮರ್ಯಾದೆ ಹೋಗುತ್ತದೆಂದು ಮುಚ್ಚಿಟ್ಟ ಮುಖ್ಯಸ್ಥರಿಗೂ ಶಿಕ್ಷೆ ಇದೆ. ನಿನ್ನ ಹೆಸರು ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ ಬರಕೂಡದು ಎಂದೂ ಅದೇ ಕಾಯ್ದೆ ಹೇಳುತ್ತದೆ. ತಪ್ಪು ಮಾಡಿದವನು ಅವನು. ನಾಚಿಕೆಯೂ ಅವನದೇ ಆಗಲಿ.

ಈ ವಯಸ್ಸಿನಲ್ಲಿ ಮೈ ಕೂಡ ಹೊಸ ಹೊಸ ಗಾಬರಿ ತರುತ್ತದೆ. ದನಿ ಒಡೆಯುತ್ತದೆ, ಮೊಡವೆ ಏಳುತ್ತವೆ, ಜೊತೆಯವನಿಗೆ ಮೀಸೆ ಬಂದು ನಿನಗೆ ಬಂದಿರುವುದಿಲ್ಲ. ಸ್ವಪ್ನಸ್ಖಲನವಾದರೆ ಶಕ್ತಿಯೆಲ್ಲ ಸೋರಿಹೋಗುತ್ತದೆಂದು ಹೆದರಿ, ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ‘ಗುಪ್ತರೋಗ’ದ ಚೀಟಿ ಅಂಟಿಸುವವರ ಬಳಿಗೆ ಅಪ್ಪ ಕೊಟ್ಟ ದುಡ್ಡನ್ನು ಒಯ್ದು ಸುರಿದ ಹುಡುಗರಿದ್ದಾರೆ. ಅದು ರೋಗವಲ್ಲ, ಬೆಳವಣಿಗೆಯ ಗುರುತು. ಔಷಧಿಯೂ ಬೇಡ, ಲೇಹ್ಯವೂ ಬೇಡ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗು. ಹದಿಹರೆಯದವರಿಗಾಗಿಯೇ ಸ್ನೇಹಾ ಕ್ಲಿನಿಕ್ ಎಂದು ನಡೆಸುತ್ತಾರೆ, ಅಲ್ಲಿ ಇಂಥ ಪ್ರಶ್ನೆ ಕೇಳಿ ಯಾರೂ ನಗುವುದಿಲ್ಲ. ಮತ್ತೆ ನಿದ್ದೆ. ನಿಮ್ಮ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿಯೆಲ್ಲ ಎದ್ದು ಓದಿದೆ ಎನ್ನುವುದು ಹೆಮ್ಮೆಯ ಮಾತಲ್ಲ. ನಿದ್ದೆಗೆಟ್ಟವನಿಗೆ ಸಣ್ಣ ಕಷ್ಟವೂ ಬೆಟ್ಟದಷ್ಟಾಗಿ ಕಾಣುತ್ತದೆ.

ಹತ್ತನೆಯವರಿಗೆ ಒಂದು ಮಾತು. ಫಲಿತಾಂಶದ ದಿನ ಕೆಟ್ಟದಾಗಿ ಕಂಡ ಅಂಕಪಟ್ಟಿ ಕೊನೆಯ ಮಾತಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1 ಆದ ಕೆಲವೇ ವಾರಗಳಲ್ಲಿ ಪರೀಕ್ಷೆ-2 ಇದೆ. ಹೋದ ವಿಷಯವನ್ನು ಮತ್ತೆ ಬರೆಯಬಹುದು, ಪಾಸಾದವನೂ ಅಂಕ ಹೆಚ್ಚಿಸಿಕೊಳ್ಳಬಹುದು. ಹೆಚ್ಚು ಬಂದದ್ದೇ ನಿಲ್ಲುತ್ತದೆ. ಗಣಿತದಲ್ಲಿ ಹೋದ ನನ್ನ ಶಿಷ್ಯರಲ್ಲಿ ಈಗ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವವರಿದ್ದಾರೆ, ರೇಷ್ಮೆ ಬೆಳೆದು ಮಕ್ಕಳನ್ನು ಇಂಜಿನಿಯರಿಂಗ್ ಓದಿಸುತ್ತಿರುವವರಿದ್ದಾರೆ. ಅಪ್ಪನಿಗೆ ಹೇಗೆ ಮುಖ ತೋರಿಸಲಿ ಅನ್ನಿಸಿದರೆ ಒಬ್ಬನೇ ಹೋಗಬೇಡ, ಮೇಷ್ಟರನ್ನೋ ಮಾವನನ್ನೋ ಜೊತೆಗೆ ಕರೆದುಕೊಂಡು ಹೋಗು. ಬೈಯುವ ಅಪ್ಪನೂ ಎರಡು ದಿನ ಬೈದಾನು. ಮಗ ಬೇಕೆನ್ನುವುದರಲ್ಲಿ ಅವನಿಗೆ ಅನುಮಾನವಿರುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಗೆಳೆಯ ನಿನ್ನೊಬ್ಬನಿಗೇ ಹೇಳಿ, ‘ಯಾರಿಗೂ ಹೇಳಬೇಡ, ಆಣೆ ಇಡು’ ಅನ್ನುತ್ತಾನೆ. ಅವನ ಮನೆಯ ಬಡತನವೋ, ಒಂದು ಹುಡುಗಿಯ ಹೆಸರೋ ಆದರೆ ಗುಟ್ಟು ಕಾಪಾಡು. ಆದರೆ ‘ಬದುಕಿ ಏನು ಪ್ರಯೋಜನ’ ಅಂದರೆ, ತನಗಿಷ್ಟವಾದ ವಸ್ತುಗಳನ್ನೆಲ್ಲ ಹಂಚತೊಡಗಿದರೆ, ಇದ್ದಕ್ಕಿದ್ದಂತೆ ಎಲ್ಲರಿಂದ ದೂರವಾದರೆ, ಆಣೆ ಮುರಿಯುವುದೇ ಧರ್ಮ. ‘ಸಾಯಬೇಕು ಅನ್ನಿಸ್ತಿದೆಯೇನೋ?’ ಎಂದು ನೇರವಾಗಿಯೇ ಕೇಳು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆ ಹೊರಗೆ ಬರಲು ದಾರಿಯಾಗುತ್ತದೆ. ಅವನನ್ನು ಒಬ್ಬನೇ ಬಿಡದೆ, ಆ ಕ್ಷಣವೇ ಇನ್ನೊಬ್ಬ ಹುಡುಗನನ್ನು ಓಡಿಸಿ ದೊಡ್ಡವರನ್ನು ಕರೆಸು. ನಾಳೆ ಅವನು ಸಿಟ್ಟು ಮಾಡಿಕೊಂಡಾನು, ಮಾಡಿಕೊಳ್ಳಲಿ. ಸಿಟ್ಟು ಮಾಡಿಕೊಳ್ಳಲು ಅವನು ಇರಬೇಕಲ್ಲ. ಅಲ್ಲಿಂದ ಮುಂದಿನ ಭಾರ ದೊಡ್ಡವರದು, ನಿನ್ನದಲ್ಲ.

ನಮ್ಮ ಪಾಲಿನ ಕೆಲಸ ಬೇಕಾದಷ್ಟು ಬಾಕಿ ಇದೆ ಎಂಬುದೂ ನನಗೆ ಗೊತ್ತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಶಾಲೆಯಲ್ಲಿ ಯಾರೂ ಇಲ್ಲದಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ, ಎಸ್‌ಡಿಎಂಸಿ ಸಭೆಯಲ್ಲಿ ಅಪ್ಪಂದಿರಿಂದ ಕೇಳಿಸಿ, ಪಂಚಾಯಿತಿಯವರು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವುದು ಉದ್ಧಟತನವಲ್ಲ.

ಆಪ್ತಸಮಾಲೋಚಕರು ಬರುವವರೆಗೆ, ಬಂದ ಮೇಲೂ, ಹತ್ತನೆಯ ತರಗತಿಯವರೇ, ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಹೊಸ ಹುಡುಗ ಊಟದ ಸಾಲಿನಲ್ಲಿ ಒಬ್ಬನೇ ಕೂತಿದ್ದರೆ ತಟ್ಟೆ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂರಿ. ‘ಯಾವೂರೋ ನಿಂದು?’ ಅಂತ ಕೇಳಿ. ಅವನು ಊರಿನ ಹೆಸರು ಹೇಳಿ ಸುಮ್ಮನಾದರೆ ಮಾರನೆಯ ದಿನವೂ ಅಲ್ಲೇ ಕೂರಿ. ಆಪ್ತಸಮಾಲೋಚಕರು ವಾರಕ್ಕೊಂದು ದಿನ ಬರಬಹುದು, ವಾರ್ಡನ್‌ಗೆ ವರ್ಗವಾಗಬಹುದು. ದಿನಕ್ಕೆ ಮೂರು ಹೊತ್ತು ಅವನ ಜೊತೆ ಉಣ್ಣುವವರು ನೀವು.