ತೂಗುಸೇತುವೆಗೆ ತಾಳ ಹಾಕುವವರು ಯಾರು?

ಮಕ್ಕಳೇ, ಬೆಳ್ತಂಗಡಿ ತಾಲ್ಲೂಕಿನ ನೆರಿಯದಂತಹ ಘಟ್ಟದ ಬುಡದ ಊರುಗಳಲ್ಲಿ ಮಳೆಗಾಲದಲ್ಲಿ ಹೊಳೆ ತುಂಬಿದರೆ ಎದುರಿನ ದಡವೂ ದೂರವೇ. ಅಡಿಕೆ ಮರದ ಕಾಲುಸಂಕ ಕೊಚ್ಚಿಹೋದರೆ ಶಾಲೆಗೆ ಹೋಗುವುದು ಹೇಗೆ? ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅಂತಹ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ದೊರೆಯಿತು.

ತೂಗುಸೇತುವೆ ಹಗುರ. ಆದ್ದರಿಂದಲೇ ನಡೆದರೆ ಅಲುಗಾಡುತ್ತದೆ. ಉಯ್ಯಾಲೆಯಂತೆ ಅದಕ್ಕೂ ತನ್ನದೇ ಆದ ಲಯವಿದೆ. ಹಲವರು ಆ ಲಯಕ್ಕೆ ಸರಿಯಾಗಿ ಕುಣಿದರೆ ತೂಗಾಟ ಬೆಳೆಯುತ್ತದೆ. ಇದೇ ಅನುರಣನೆ. (ಸೇತುವೆಯ ಮೇಲೆ ಕುಣಿದು ಇದನ್ನು ಪರೀಕ್ಷಿಸಬೇಡಿ!) ಆದರೆ ಗಾಳಿ ತಾಳ ಹಾಕುವುದಿಲ್ಲವಲ್ಲ? ಒಂದೇ ಸಮನೆ ಬೀಸುವ ಗಾಳಿ ಸೇತುವೆಯನ್ನು ಹೇಗೆ ತೂಗಿಸುತ್ತದೆ?

ಎರಡು ಬೆರಳು ಅಗಲದ ಉದ್ದನೆಯ ಕಾಗದದ ಪಟ್ಟಿ ತೆಗೆದುಕೊಳ್ಳಿ. ಅದರ ಅಂಚು ಫ್ಯಾನಿನ ಕಡೆಗಿರುವಂತೆ ಎರಡೂ ತುದಿ ಹಿಡಿದು ಸ್ವಲ್ಪ ಸಡಿಲ ಬಿಡಿ. ಪಟ್ಟಿ ಪಟಪಟನೆ ಬಡಿದುಕೊಳ್ಳುತ್ತದೆ. ಬಿಗಿಯಾಗಿ ಎಳೆಯಿರಿ, ಬಡಿತ ತಗ್ಗುತ್ತದೆ.

ಪಟ್ಟಿ ಕೊಂಚ ವಾಲಿದೊಡನೆ ಗಾಳಿ ಅದರ ಒಂದು ಮುಖವನ್ನು ಹೆಚ್ಚು ಒತ್ತಿ, ಇನ್ನಷ್ಟು ತಿರುಚುತ್ತದೆ. ಪಟ್ಟಿಯ ಬಿಗಿತ ಹಿಂದಕ್ಕೆ ಎಳೆಯುತ್ತದೆ. ಆದರೆ ಅದು ನಡುವೆ ನಿಲ್ಲದೆ ಆಚೆಗೆ ವಾಲುತ್ತದೆ. ಆಗ ಗಾಳಿ ಇನ್ನೊಂದು ಮುಖವನ್ನು ಒತ್ತುತ್ತದೆ. ನೋಡಿದಿರಾ, ಇಲ್ಲಿ ತಾಳ ಹಾಕುವುದು ಗಾಳಿಯಲ್ಲ, ಪಟ್ಟಿಯೇ! ಪ್ರತಿ ತೂಗಿನಲ್ಲೂ ಗಾಳಿಯಿಂದ ಶಕ್ತಿ ಪಡೆಯುತ್ತಾ ಹೋಗುತ್ತದೆ.

ಅಮೆರಿಕದ ಟಕೋಮಾದಲ್ಲಿ ಹೀಗೇ ಆಯಿತು. 1940ರ ಜುಲೈಯಲ್ಲಿ ತೆರೆದ ಆ ತೂಗುಸೇತುವೆಯ ನಡುಭಾಗವೇ 853 ಮೀಟರ್ ಉದ್ದ. ಎರಡೂ ಬದಿಗೆ ಸುಮಾರು 2.4 ಮೀಟರ್ ಎತ್ತರದ ಉಕ್ಕಿನ ಹಲಗೆ, ಗಾಳಿ ನುಸುಳಲು ಸಂದಿಯೇ ಇಲ್ಲ. ನವೆಂಬರ್ 7ರಂದು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದ ಗಾಳಿ ಬೀಸಿತು. ಚಂಡಮಾರುತವೇನಲ್ಲ. ಆದರೂ ಮೇಲೆ ಕೆಳಗೆ ಆಡುತ್ತಿದ್ದ ಸೇತುವೆ ಒಮ್ಮೆಲೇ ಎಡಕ್ಕೂ ಬಲಕ್ಕೂ ತಿರುಚಿಕೊಳ್ಳತೊಡಗಿ, ಕೊನೆಗೆ ಮುರಿದು ನೀರಿಗೆ ಬಿತ್ತು. ಮನುಷ್ಯರು ಪಾರಾದರು. ಕಾರಿನಲ್ಲಿದ್ದ ಒಂದು ನಾಯಿ ಮಾತ್ರ ಉಳಿಯಲಿಲ್ಲ.

1950ರಲ್ಲಿ ಅಲ್ಲಿಯೇ ತೆರೆದ ಹೊಸ ಸೇತುವೆಗೆ ಹಲಗೆಯ ಬದಲು ಅಡ್ಡ, ಓರೆ ಪಟ್ಟಿಗಳ ದೃಢವಾದ ಚೌಕಟ್ಟು ಬಂತು. ಗಾಳಿ ಅದರೊಳಗೆ ಹಾದುಹೋಗುತ್ತದೆ, ಸೇತುವೆಯೂ ಸುಲಭವಾಗಿ ತಿರುಚಿಕೊಳ್ಳುವುದಿಲ್ಲ.

ಈಗ ನೀವು ಯೋಚಿಸಿ: ಊರ ಜಾತ್ರೆಗೆಂದು ತೂಗುಸೇತುವೆಯ ಜಾಲರಿಗೆ ಆ ತುದಿಯಿಂದ ಈ ತುದಿಯವರೆಗೆ ಬ್ಯಾನರ್ ಕಟ್ಟಿದರೆ ಏನಾಗಬಹುದು? ಶಿಕ್ಷಕರೊಂದಿಗೆ ಚರ್ಚಿಸಿ.