ಬೆಳ್ಳಿತೆರೆಯ ಬಾಣಗಳು

ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶಕ್ಕೆ ಆ ಹೆಸರು ಬಂದದ್ದು ಅಲ್ಲಿದ್ದ ಒಂದು ಚಿತ್ರಮಂದಿರದಿಂದ. ಆ ಮಂದಿರ ಈಗಿಲ್ಲ. ಅದರ ನೆರೆಹೊರೆಯಲ್ಲಿದ್ದ ಸಾಗರ್, ಸ್ಟೇಟ್ಸ್, ಹಿಮಾಲಯ, ಗೀತಾ ಮೊದಲಾದವೂ ಇಲ್ಲ. ಕೆಂಪೇಗೌಡ ರಸ್ತೆ ಚಿತ್ರಮಂದಿರಗಳಿಂದ ತುಂಬಿದ್ದ ಕಾಲದಲ್ಲಿ, ಪೌರಾಣಿಕ ಚಿತ್ರಗಳ ಬಿಲ್ಲುಗಾಳಗವನ್ನು ನೋಡಲು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಿಂದ ಜನರು ಸಂಸಾರಸಮೇತರಾಗಿ ಬರುತ್ತಿದ್ದರು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ 1977ರಲ್ಲಿ ತೆರೆಕಂಡ ‘ಬಭ್ರುವಾಹನ’ ಅಂತಹದೊಂದು ಚಿತ್ರ. ತಂದೆ ಅರ್ಜುನನೂ ಮಗ ಬಭ್ರುವಾಹನನೂ ಅದರಲ್ಲಿ ಎದುರೆದುರು ನಿಲ್ಲುತ್ತಾರೆ. ಎರಡು ಪಾತ್ರಗಳಲ್ಲಿಯೂ ಇದ್ದವರು ರಾಜ್‌ಕುಮಾರ್ ಒಬ್ಬರೇ.

ಇಂತಹ ಚಿತ್ರಗಳಲ್ಲಿ ಎಡದಿಂದ ಒಂದು ಬಾಣ, ಬಲದಿಂದ ಇನ್ನೊಂದು ಬಾಣ ಹಾರಿಬಂದು ಆಕಾಶಮಧ್ಯದಲ್ಲಿ ತುದಿಗೆ ತುದಿ ತಾಗಿ ನಿಲ್ಲುತ್ತವೆ. ಕಿಡಿಗಳ ಮಳೆಯೇ ಸುರಿಯುತ್ತದೆ. ಇದು ಛಾಯಾಗ್ರಹಣದ ಚಮತ್ಕಾರವೆಂದು ಬಾಲಕರೂ ಬಲ್ಲರು. ಆದರೆ ಆ ಬಾಣಗಳನ್ನು ನ್ಯೂಟನ್ನನ ನಿಯಮಗಳಿಗೆ ಒಪ್ಪಿಸಿದರೆ ಏನಾದೀತು? ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೇಮ್ಸ್ ಕಕಾಲಿಯೊಸ್ ಅವರು ಚಿತ್ರಕಥೆಗಳ ಅತಿಮಾನವ ವೀರರನ್ನು ಇದೇ ಬಗೆಯ ಪರೀಕ್ಷೆಗೆ ಗುರಿಮಾಡಿ 2005ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ನಮ್ಮ ಬಿಲ್ಲುಗಾರರನ್ನು ಮಾತ್ರ ಅದರಿಂದ ಬಿಡುವುದು ನ್ಯಾಯವಲ್ಲ.

ಬಲಶಾಲಿಯೊಬ್ಬನು ಬಿಲ್ಲಿನ ಹೆದೆಯನ್ನು 60 ಸೆಂಟಿಮೀಟರ್ ಎಳೆಯುತ್ತಾನೆನ್ನೋಣ. ಸೊನ್ನೆಯಿಂದ ಏರುತ್ತ ಹೋದ ಬಲ ಕೊನೆಯಲ್ಲಿ 200 ನ್ಯೂಟನ್ ಆದರೆ, ಸರಾಸರಿ ಬಲ 100 ನ್ಯೂಟನ್. ಬಿಲ್ಲಿನಲ್ಲಿ ಸಂಗ್ರಹವಾಗುವ ಶಕ್ತಿ 60 ಜೂಲ್. ಅದರ ಮುಕ್ಕಾಲು ಪಾಲು, ಎಂದರೆ 45 ಜೂಲ್, 25 ಗ್ರಾಂ ತೂಕದ ಬಾಣಕ್ಕೆ ಸಂದರೆ ಅದರ ವೇಗ ಸೆಕೆಂಡಿಗೆ 60 ಮೀಟರ್. ಗಂಟೆಗೆ 216 ಕಿಲೋಮೀಟರ್. ಇದು ಅಲ್ಪವೇಗವಲ್ಲ.

ಸಮಾನ ರಾಶಿಯ, ಸಮಾನ ವೇಗದ ಎರಡು ಬಾಣಗಳು ಇದಿರುಬದಿರಾಗಿ ಬಂದರೆ ಅವುಗಳ ಸಂವೇಗಗಳ ಮೊತ್ತ ಸೊನ್ನೆ. ಆದುದರಿಂದ ತಾಗಿ ಅಂಟಿಕೊಂಡ ಬಾಣಗಳು ಮುಂದುವರಿಯದೆ ನಿಲ್ಲಲೇಬೇಕು. ಇಷ್ಟರಮಟ್ಟಿಗೆ ಬೆಳ್ಳಿತೆರೆ ಸುಳ್ಳಾಡಿಲ್ಲ. ಆದರೆ ಅವು ಅಲ್ಲಿಯೇ ತೂಗಾಡುತ್ತ ಸೆಣಸಲಾರವು. ಮರುಕ್ಷಣವೇ ಭೂಮಿ ಅವುಗಳನ್ನು ಕೆಳಕ್ಕೆ ಸೆಳೆಯುತ್ತದೆ. ಕಿಡಿಮಳೆಯೂ ಅಸಾಧ್ಯ. ಎರಡೂ ಬಾಣಗಳ ಚಲನಶಕ್ತಿ ಸೇರಿ 90 ಜೂಲ್. ಅದೆಲ್ಲವೂ ಉಷ್ಣವಾಗಿ ಮಾರ್ಪಟ್ಟರೂ 50 ಗ್ರಾಂ ಕಬ್ಬಿಣದ ಉಷ್ಣತೆ ಸುಮಾರು ನಾಲ್ಕು ಡಿಗ್ರಿ ಏರೀತು, ಅಷ್ಟೆ.

ಇದಕ್ಕಿಂತ ಸ್ವಾರಸ್ಯಕರವಾದುದು ಹರಿಕಥೆಗಳಲ್ಲಿ ಕೇಳಿಬರುವ ಕರ್ಣನ ಪ್ರಸಂಗ. ಕರ್ಣನ ಬಾಣದ ಪೆಟ್ಟಿಗೆ ಅರ್ಜುನನ ರಥ ಹಿಂದಕ್ಕೆ ಸರಿಯುತ್ತದೆ. ಹನುಮಂತನೂ ತಾನೂ ಇರುವ ರಥವನ್ನು ಸರಿಸಿದನಲ್ಲಾ ಎಂದು ಕೃಷ್ಣನು ಶತ್ರುವನ್ನೇ ಮೆಚ್ಚುತ್ತಾನೆ. ದೇವರ ಭಾರವನ್ನು ಬದಿಗಿರಿಸಿ, ಕುದುರೆಗಳೂ ಸೇರಿ ರಥದ ರಾಶಿ 1000 ಕಿಲೋಗ್ರಾಂ ಎಂದಿಟ್ಟುಕೊಳ್ಳಬಹುದು. ಮೇಲೆ ಹೇಳಿದ ಬಾಣ ಅದಕ್ಕೆ ನೀಡಬಲ್ಲ ವೇಗ ಸೆಕೆಂಡಿಗೆ ಒಂದೂವರೆ ಮಿಲಿಮೀಟರ್. ಇರುವೆಯೂ ನಗುವಂತಹ ವೇಗ. ರಥ ಸೆಕೆಂಡಿಗೆ ಒಂದು ಮೀಟರಿನಂತೆ ಹಿಂದೆ ಸರಿಯಬೇಕಾದರೆ ಬಾಣ ಸೆಕೆಂಡಿಗೆ 40 ಕಿಲೋಮೀಟರ್ ವೇಗದಿಂದ ಬರಬೇಕು. ಭೂಮಿಯ ಸೆಳೆತವನ್ನು ಮೀರಿ ಹೋಗಲು 11.2 ಕಿಲೋಮೀಟರ್ ಸಾಕು! ಅಂತಹ ಬಾಣ ಗಾಳಿಯಲ್ಲಿ ಉಲ್ಕೆಯಂತೆ ಉರಿಯುತ್ತದೆ. ಮಂತ್ರವಿಲ್ಲದೆಯೇ ಅದು ಆಗ್ನೇಯಾಸ್ತ್ರವಾಗುತ್ತದೆ.

ಇನ್ನೂ ಒಂದು ತೊಡಕಿದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟಷ್ಟೆ. ಬಾಣಕ್ಕೆ ಅಷ್ಟು ಸಂವೇಗವನ್ನು ಕೊಟ್ಟವನು ಅಷ್ಟನ್ನೇ ವಿರುದ್ಧ ದಿಕ್ಕಿನಲ್ಲಿ ತಾನೂ ಪಡೆಯುತ್ತಾನೆ. ಅರ್ಜುನನ ರಥ ಹಿಂದೆ ಸರಿಯುವ ಮೊದಲೇ ಕರ್ಣನ ರಥವೂ ಅದೇ ವೇಗದಿಂದ ಹಿಂದೆ ಸರಿದಿರಬೇಕು. ಕಥೆಗಾರರು ಇದನ್ನು ಹೇಳುವುದಿಲ್ಲ. ಹೇಳಿದರೆ ಕಥೆ ಕೆಡುತ್ತದೆ.

ಎಸೆದವನಿಗೆ ಈ ಪೆಟ್ಟು ತಾಗದಂತೆ ಮಾಡುವ ಉಪಾಯವೊಂದಿದೆ: ಅಸ್ತ್ರ ತನ್ನ ಇಂಧನವನ್ನು ತಾನೇ ಹೊತ್ತು, ಉರಿದ ಅನಿಲವನ್ನು ಹಿಂದಕ್ಕೆ ತಳ್ಳುತ್ತ ತಾನು ಮುಂದೆ ಹೋಗಬೇಕು. ಇದು ಕಲ್ಪನೆಯಲ್ಲ. ಮೆಜೆಸ್ಟಿಕ್ಕಿನಿಂದ ನಡೆದೇ ಹೋಗಬಹುದಾದ ಹಳೆಯ ಪೇಟೆಯಲ್ಲಿ ತಾರಾಮಂಡಲಪೇಟೆ ಎಂಬ ಬೀದಿಯಿದೆ. ಆ ಹೆಸರು ಹೈದರಾಲಿ, ಟಿಪ್ಪುವಿನ ಕಾಲದ ರಾಕೆಟ್ಟುಗಳೊಡನೆ ಹೆಣೆದುಕೊಂಡಿದೆ. ಕಾಗದದ ಕೊಳವೆ ಬೇಗನೆ ಒಡೆಯುತ್ತದೆ. ಮೈಸೂರಿನವರು ಬಳಸಿದ್ದು ಕಬ್ಬಿಣದ ಕೊಳವೆ. ಅದು ಹೆಚ್ಚು ಒತ್ತಡವನ್ನು ತಾಳಿದುದರಿಂದ ರಾಕೆಟ್ಟು ಒಂದು ಕಿಲೋಮೀಟರಿಗೂ ದೂರ ಹಾರುತ್ತಿತ್ತು. ಕೊಳವೆಗೆ ಕಟ್ಟಿದ ಬಿದಿರು ಅಥವಾ ಕತ್ತಿ ಅದರ ದಿಕ್ಕನ್ನು ಕಾಯುತ್ತಿತ್ತು. ಆದರೂ ಗುರಿ ಅಷ್ಟು ನಿಶ್ಚಿತವಲ್ಲ. ಒಟ್ಟೊಟ್ಟಿಗೆ ಹಲವನ್ನು ಹಾರಿಸುವುದರಲ್ಲಿಯೇ ಅದರ ಬಲವಿತ್ತು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರ ಪಡೆ ಇವುಗಳನ್ನು ಎದುರಿಸಿ ಸೋತಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್ ತಲಪಿದವು. ಅವುಗಳ ಜಾಡಿನಲ್ಲಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು; ಯುದ್ಧಕ್ಕೆ ಸಂಬಂಧಿಸದ ಸಂಸಾರಿಗಳ ಮನೆಗಳು ಉರಿದವು. ತೆರೆಯ ಮೇಲಿನ ಅಸ್ತ್ರಕ್ಕೆ ಉಪಸಂಹಾರದ ಮಂತ್ರವಿದೆ, ಇದಕ್ಕೆ ಇಲ್ಲ. ಈ ಚರಿತ್ರೆಯನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ವಿಸ್ತಾರವಾಗಿ ಬರೆದರು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದನ್ನು ಅಗೆದಾಗ ಕೆಸರಿನೊಳಗಿಂದ ಇಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು ದೊರೆತವು. ತುಕ್ಕು ಹಿಡಿದ ಆ ಕಬ್ಬಿಣದೊಳಗೆ, ಇನ್ನೂರು ವರ್ಷಗಳ ಮೇಲೂ, ಮದ್ದಿನ ಪುಡಿ ಉಳಿದಿತ್ತು.